ದ್ರಾಕ್ಷಿ ಬೆಳೆಗಾರರ ವಾಟ್ಸ್‌ಆ್ಯಪ್ ಬಳಗ: ಸೇರಿಸುವುದು, ಉಳಿಸಿಕೊಳ್ಳುವುದು

ವಿಜಯಪುರ ಜಿಲ್ಲೆಯ ಟಿಕೋಟಾ, ಬಬಲೇಶ್ವರ, ಇಂಡಿ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಔಷಧ, ಮಳೆ, ಮಣೂಕ (ಒಣದ್ರಾಕ್ಷಿ) ದರದ ಮಾಹಿತಿಯನ್ನು ನಾನು ಗ್ರೂಪಿನಲ್ಲಿ ಹಾಕುವುದಿಲ್ಲ, ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಕಳಿಸುತ್ತೇನೆ. ಅದರಲ್ಲಿ ಒಂದೇ ಮೆಸೇಜ್ ಪ್ರತಿಯೊಬ್ಬರಿಗೂ ಬೇರೆಯಾಗಿ ಹೋಗುತ್ತದೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಗ್ರೂಪಿನಲ್ಲಿ 1024 ಜನ ಹಿಡಿಯುತ್ತಾರೆ, ನಿಜ. ಆದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಔಷಧ ಮಾರುವ ಏಜೆಂಟ್ ಒಬ್ಬ ಒಳಗೆ ಬಂದರೆ ರೈತರಿಗೆ ಫೋನಿನ ಕಾಟ ಶುರು, ಜನ ಹೊರಬೀಳುವುದೂ ಶುರು. ಚಾನೆಲ್‌ನಲ್ಲಿ ಆ ಕಾಟವಿಲ್ಲ. ಆದರೆ ಅದು ಚಾಟ್‌ಗಳ ನಡುವೆ ಬರದೆ ‘ಅಪ್‌ಡೇಟ್ಸ್’ ಒಳಗೆ ಕೂರುತ್ತದೆ. ಪಡಕ್ಕೆ (ದ್ರಾಕ್ಷಿ ತೋಟಕ್ಕೆ) ಹೊರಟವರು ಅದನ್ನು ಹುಡುಕಿ ತೆರೆಯುವುದಿಲ್ಲ.

ಬ್ರಾಡ್‌ಕಾಸ್ಟ್‌ಗೂ ಕಟ್ಟುಪಾಡು ಇದೆ. ಒಂದು ಲಿಸ್ಟಿಗೆ 256 ಜನ, ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಮುಟ್ಟುತ್ತದೆ. ಹಾಗಾಗಿ ಅಂಗಡಿಯಲ್ಲಿ ವಹಿ ಇಟ್ಟು ನಂಬರ್ ಬರೆಸಿಕೊಳ್ಳುವುದು ದಂಡ. ಗೊಬ್ಬರದ ಅಂಗಡಿ, ಮಣೂಕ ಶೆಡ್‌ಗಳಲ್ಲಿ ಕ್ಯೂಆರ್ ಚೀಟಿ ಅಂಟಿಸಿ, ಮೊದಲ ಮೆಸೇಜ್ ಅವರಿಂದಲೇ ಬರಲಿ: ಊರು, ತಳಿ, ಚಾಟ್ನಿ (ಬಳ್ಳಿ ಸವರುವ) ತಾರೀಖು. ‘ಸೇವ್ ಮಾಡಿ ಓಕೆ ಅನ್ನಿ’ ಎಂದು ಉತ್ತರಿಸಿ, ಓಕೆ ಬಂದ ಮೇಲೆಯೇ ಲಿಸ್ಟಿಗೆ ಸೇರಿಸಿ. ಕೇಳದವರಿಗೆ ಕಳಿಸಿದರೆ ರಿಪೋರ್ಟ್ ಮಾಡುತ್ತಾರೆ. ರಿಪೋರ್ಟ್ ಹೆಚ್ಚಾದರೆ ನಂಬರೇ ಬ್ಯಾನ್.

ಚಾಟ್ನಿ ತಾರೀಖು ಯಾಕೆ? ಅಕ್ಟೋಬರ್ ಚಾಟ್ನಿ ಎಂದರೂ ಅದು ಸೆಪ್ಟೆಂಬರಿನಿಂದಲೇ ಶುರುವಾಗಿ ವಾರಗಟ್ಟಲೆ ನಡೆಯುತ್ತದೆ. ಒಬ್ಬರ ಪಡದಲ್ಲಿ ಕಣ್ಣು ಒಡೆಯುವಾಗ (ಮೊಗ್ಗು ಚಿಗುರುವಾಗ) ಇನ್ನೊಬ್ಬರದು ಹೂವಿನಲ್ಲಿರುತ್ತದೆ. ಎಲ್ಲರಿಗೂ ಒಂದೇ ಸಲಹೆ ಹೋದರೆ ಅರ್ಧ ಜನಕ್ಕೆ ಅದು ತಂಗಳ ರೊಟ್ಟಿ. ಎರಡು ಸಲ ಹಾಗಾದರೆ ಮೂರನೆಯದನ್ನು ತೆರೆಯುವುದಿಲ್ಲ. ಅದಕ್ಕೆ ಚಾಟ್ನಿ ವಾರಕ್ಕೊಂದು ಲಿಸ್ಟ್ ಮಾಡಬೇಕು. ಕೆಲಸ ಹೆಚ್ಚು, ಆದರೆ ಜನ ಉಳಿಯುವುದು ಇದರಿಂದಲೇ. ಉಳಿದದ್ದೆಲ್ಲ ಆಮೇಲಿನ ಮಾತು.

ಚಿಗುರು ಎಲೆ ಬಿಚ್ಚಿದಾಗಿನಿಂದ ಕಾಯಿ ಕಟ್ಟುವ ತನಕ ಡೌನಿ (ಬೂಜು ರೋಗ) ಭಯ. ಆಗ ದಿನ ಬಿಟ್ಟು ದಿನ ಕಳಿಸಿದರೂ ಯಾರಿಗೂ ಬೇಸರವಿಲ್ಲ. ಕಾಯಿ ಕಟ್ಟಿದ ಮೇಲೆ ವಾರಕ್ಕೆ ಒಂದು ಸಾಕು. ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ, ಶುಕ್ರವಾರ ಬರುತ್ತದೆ. ಮಳೆಯ ಸೂಚನೆ ಇದ್ದರೆ ಅಂದೇ ಸಂಜೆ ಕಳಿಸಬೇಕು, ಮರುದಿನ ಕಳಿಸಿದರೆ ಸಿಂಪರಣೆಗೆ ಆಳು ಸಿಗುವುದಿಲ್ಲ.

ಪ್ರಮಾಣವನ್ನು ಯಾವಾಗಲೂ ಲೀಟರ್ ಲೆಕ್ಕದಲ್ಲೇ ಬರೆಯಿರಿ. ‘ಟ್ಯಾಂಕಿಗೆ ಒಂದು ಪಾಕೀಟು’ ಎಂದರೆ ಒಬ್ಬರದು 200 ಲೀಟರ್ ಬ್ಯಾರಲ್, ಇನ್ನೊಬ್ಬರದು 600 ಲೀಟರ್ ಬ್ಲೋವರ್ (ಟ್ರ್ಯಾಕ್ಟರಿನ ಸಿಂಪರಣೆ ಯಂತ್ರ). ಲೀಟರಿಗೆ 2 ಗ್ರಾಂ ಎಂದರೆ ಬ್ಯಾರಲ್‌ಗೆ 400 ಗ್ರಾಂ, ಬ್ಲೋವರ್‌ಗೆ 1.2 ಕೆಜಿ ಎಂದು ಎರಡನ್ನೂ ಬಿಡಿಸಿ ಹೇಳಿ. ವಿವರಣೆ ಧ್ವನಿಯಲ್ಲಿರಲಿ, ಒಂದು ನಿಮಿಷ ಮೀರದಿರಲಿ. ಅಂಕಿಗಳು ಮಾತ್ರ ಬರಹದಲ್ಲಿ, ಅಂಗಡಿಯಲ್ಲಿ ತೋರಿಸಲು. ‘ಶುಭೋದಯ’, ಹಬ್ಬದ ಚಿತ್ರ ಬೇಡವೇ ಬೇಡ.

ಮಣೂಕ ಕಾಲದಲ್ಲಿ ಎಲ್ಲರಿಗೂ ಬೇಕಾದದ್ದು ದರ. ‘ತಾಸಗಾಂವ್ (ಮಹಾರಾಷ್ಟ್ರದ ಮಣೂಕ ಮಾರುಕಟ್ಟೆ) ಇಷ್ಟು’ ಎಂದು ಒಂದೇ ಅಂಕಿ ಕೊಟ್ಟರೆ ಜಗಳ ಖಾತ್ರಿ, ಯಾಕೆಂದರೆ ಪ್ರತಿಯೊಬ್ಬರೂ ಅದನ್ನು ತಮ್ಮ ಮಾಲಿನ ದರ ಎಂದೇ ಓದುತ್ತಾರೆ. ಹಸಿರು, ಹಳದಿ, ಕಪ್ಪು ಬೇರೆ ಬೇರೆ ಬರೆದು, ಕಾಳಿನ ಗಾತ್ರ, ವ್ಯಾಪಾರ ಆದ ದಿನ ಹಾಕಿ.

ತಿಂಗಳಿಗೊಮ್ಮೆ ಒಂದು ಮೆಸೇಜ್ ಒತ್ತಿ ಹಿಡಿದು ‘ಇನ್ಫೋ’ ನೋಡಿ. ಮುಟ್ಟಿಯೂ ಓದದವರಂತೆ ಕಾಣುವವರು ನೀಲಿ ಟಿಕ್ ಆಫ್ ಮಾಡಿಕೊಂಡಿರಬಹುದು, ಅವರನ್ನು ಬಿಡಿ. ಮುಟ್ಟದವರದು ಬಹುಪಾಲು ಹೊಸ ಹ್ಯಾಂಡ್‌ಸೆಟ್, ನಂಬರ್ ಅಳಿಸಿಹೋಗಿರುತ್ತದೆ; ಫೋನ್ ಮಾಡಿ ಮತ್ತೆ ಸೇವ್ ಮಾಡಿಸಿ. ಏಪ್ರಿಲ್ ಚಾಟ್ನಿಗೆ ಎಲ್ಲರಿಂದ ಹೊಸ ತಾರೀಖು ಕೇಳಿ ಲಿಸ್ಟ್ ಮತ್ತೆ ಕಟ್ಟಿ; ತಾರೀಖು ಕೊಡದವರು ದರ ಕಳಿಸುವ ಲಿಸ್ಟಿನಲ್ಲಿ ಮಾತ್ರ ಇರಲಿ.