ಕಾಡುರಸ್ತೆ, ಹಕಲ್‌ಬೆರಿ, ಬೀಗ ಹಾಕಿದ ಗೇಟು: ವಾಷಿಂಗ್ಟನ್, ಒರೆಗಾನ್ ಕಡೆಗೆ ಹೊಸದಾಗಿ ಬಂದವರಿಗೆ

ಆಗಸ್ಟ್ ಬಂತೆಂದರೆ ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆಯ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಹಕಲ್‌ಬೆರಿ ಎಂಬ ಕಾಡುಹಣ್ಣಿನ ಫೋಟೊಗಳು ಓಡಾಡಲು ಶುರು. ಹಿಂದೆಯೇ ಒಂದು ಗೂಗಲ್ ಪಿನ್ ಬರುತ್ತದೆ. ಪಿನ್ ಹಿಡಿದು ಹೊರಟವರು ಕಬ್ಬಿಣದ ಗೇಟಿನ ಮುಂದೆ ನಿಲ್ಲುತ್ತಾರೆ. ಅಷ್ಟರಲ್ಲಿ ಇನ್ಯಾರದೋ ಪಿಕಪ್ ಬಂದು, ಬೀಗ ತೆಗೆದುಕೊಂಡು ಒಳಗೆ ಹೋಗುತ್ತದೆ. "ಅವರಿಗೆ ಬಿಟ್ಟಿರಿ, ನಮಗೇಕಿಲ್ಲ?" ಎಂಬ ವಾದ ಹುಟ್ಟುವುದು ಅಲ್ಲೇ. ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿನಲ್ಲಿ "ಸಾರ್, ಫ್ಯಾಮಿಲಿ ಇದ್ದಾರೆ, ಸ್ವಲ್ಪ ನೋಡಿ" ಎಂದು ಹೇಳಿ ಪಳಗಿದ ನಾಲಿಗೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ರೇಂಜರ್ ನಗುನಗುತ್ತಲೇ ಕೇಳಿಸಿಕೊಂಡು, ನಗುನಗುತ್ತಲೇ ದಂಡದ ಚೀಟಿ ಬರೆದು ಕೊಡುತ್ತಾರೆ.

ಮೊದಲು ತಲೆಯಿಂದ ತೆಗೆಯಬೇಕಾದ್ದು "ಸರ್ಕಾರಿ ಕಾಡು ಎಂದರೆ ಎಲ್ಲರದು, ಎಲ್ಲರದು ಎಂದರೆ ನಮ್ಮದೂ" ಎಂಬ ಲೆಕ್ಕ. ನೆಲ ಒಬ್ಬರದು, ರಸ್ತೆ ಇನ್ನೊಬ್ಬರ ಸುಪರ್ದಿನದು, ರಸ್ತೆಯ ತುದಿಯಲ್ಲಿರುವ ಹಣ್ಣಿನ ಮೇಲಿನ ಹಕ್ಕು ಮತ್ತೊಬ್ಬರದು ಆಗಿರಬಹುದು. ದಕ್ಷಿಣ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವರ್ಗ (ಕಂದಾಯ ಕಟ್ಟುವ ಸ್ವಂತ) ಜಮೀನಿನಾಚೆ ನೂರು ಗಜದ ಕುಮ್ಕಿ ಸರ್ಕಾರದ್ದೇ, ಆದರೆ ಸೊಪ್ಪು ಸೌದೆ ತರುವ ಸವಲತ್ತು ವರ್ಗದಾರನದು. ಶಿರಸಿ, ಸಿದ್ದಾಪುರದ ಸೊಪ್ಪಿನ ಬೆಟ್ಟವೂ ಹೆಚ್ಚುಕಡಿಮೆ ಅದೇ ಜಾತಿ. ವ್ಯತ್ಯಾಸ ಒಂದೇ, ಅದೂ ದೊಡ್ಡದು: ಕುಮ್ಕಿಯ ಸವಲತ್ತನ್ನು ಕೊಟ್ಟದ್ದು ಸರ್ಕಾರ, ಇಲ್ಲಿ ನೆಲವನ್ನೇ ಕೊಟ್ಟು ಹಕ್ಕು ಉಳಿಸಿಕೊಂಡವರು ಮೂಲನಿವಾಸಿ ಬುಡಕಟ್ಟಿನವರು. 1855ರ ಜೂನ್ 9ರಂದು ಅಮೆರಿಕ ಸರ್ಕಾರದೊಂದಿಗೆ ಆದ ಒಪ್ಪಂದದಲ್ಲಿ ಯಾಕಮಾ ಬುಡಕಟ್ಟಿನ ಜನ ಅಪಾರ ನೆಲವನ್ನು ಬಿಟ್ಟುಕೊಟ್ಟರು. ಆದರೆ ಹಿಂದಿನಿಂದ ಮೀನು ಹಿಡಿಯುತ್ತಿದ್ದ ಜಾಗಗಳಲ್ಲಿ ಮುಂದೆಯೂ ಹಿಡಿಯುವ, ಯಾರೂ ಹಿಡಿದುಕೊಳ್ಳದ ಬಯಲು ನೆಲದಲ್ಲಿ ಬೇಟೆಯಾಡುವ, ಗೆಡ್ಡೆ, ಹಣ್ಣು ಆಯುವ, ಕುದುರೆ, ದನ ಮೇಯಿಸುವ ಹಕ್ಕುಗಳನ್ನು ತಮ್ಮಲ್ಲೇ ಉಳಿಸಿಕೊಂಡರು. ಮುಂದೆ ಕೊಲಂಬಿಯಾ ನದಿಯ ದಡದ ಜಮೀನು ಕೊಂಡವರು ಅವರನ್ನು ಮೀನಿನ ಜಾಗಕ್ಕೆ ಹೋಗಗೊಡದೆ ತಡೆದರು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 1905ರ ವಿನಾನ್ಸ್ ತೀರ್ಪು ಬಂತು. ಒಪ್ಪಂದ ಬುಡಕಟ್ಟಿಗೆ ಹಕ್ಕು ದಾನ ಮಾಡಿದ್ದಲ್ಲ, ಬುಡಕಟ್ಟು ತನ್ನ ಹಕ್ಕುಗಳಲ್ಲಿ ಕೆಲವನ್ನು ಕೊಟ್ಟದ್ದು. ಕೊಡದೆ ಇದ್ದದ್ದು ಅವರದ್ದೇ, ಅಲ್ಲಿಗೆ ಹೋಗುವ ದಾರಿಯೂ ಅದರೊಳಗೆ ಸೇರಿದೆ ಎಂಬುದು ಅದರ ಸಾರ. ನಮ್ಮವರು ಹಕಲ್‌ಬೆರಿಗೆ ಹೋಗುವ, ದಕ್ಷಿಣ ವಾಷಿಂಗ್ಟನ್ನಿನ ಇಂದಿನ ಗಿಫರ್ಡ್ ಪಿಂಚೊ ನ್ಯಾಷನಲ್ ಫಾರೆಸ್ಟ್ ಕೊಲಂಬಿಯಾ ಎಂಬ ಹೆಸರಿನಲ್ಲಿ ಹುಟ್ಟಿದ್ದು 1908ರಲ್ಲಿ. ಹಕ್ಕಿಗಿಂತ ಕಾಡಿನ ಇಲಾಖೆಯೇ ಅರ್ಧ ಶತಮಾನ ಚಿಕ್ಕದು. ಗೇಟಿನ ಮುಂದೆ ಬಾಯಿ ತೆರೆಯುವ ಮೊದಲು ಈ ವಯಸ್ಸಿನ ಲೆಕ್ಕ ನೆನಪಿರಲಿ.

ನಮ್ಮವರು ಹೆಚ್ಚು ಎಡವುವ ಜಾಗ ಆ ಕಾಡಿನ ಫಾರೆಸ್ಟ್ ರೋಡ್ 24. ಟ್ರೌಟ್ ಲೇಕ್ ಊರಿನಿಂದ ಹೆದ್ದಾರಿ 141 ಹಿಡಿದು ಪಶ್ಚಿಮಕ್ಕೆ ಹೋದರೆ ಕಾಡಿನ ಗಡಿ ದಾಟಿದ ಮೇಲೆ ಅದೇ ರೋಡ್ 24 ಆಗುತ್ತದೆ, ಮುಂದೆ ಸಾಟೂತ್ ಬೆರಿ ಬಯಲಿಗೆ ಏರುತ್ತದೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರು ಸಾವಿರಗಟ್ಟಲೆ ಇಲ್ಲಿಗೆ ಹಣ್ಣು ಆಯಲು ನುಗ್ಗಿದರು. ತಲೆತಲಾಂತರದಿಂದ ಬರುತ್ತಿದ್ದ ಬುಡಕಟ್ಟಿನ ಕುಟುಂಬಗಳಿಗೆ ಬಿಡಾರ ಹೂಡಲೂ ಜಾಗ ಸಾಲದಾಯಿತು. 1932ರಲ್ಲಿ ಯಾಕಮಾ ಮುಖಂಡ ವಿಲಿಯಂ ಯಲ್ಲಪ್ ಮತ್ತು ಕಾಡಿನ ಸೂಪರ್‌ವೈಸರ್ ಜೆ. ಆರ್. ಬ್ರುಕಾರ್ಟ್ ಕೈಕುಲುಕಿ ಒಂದು ಮಾತಿಗೆ ಬಂದರು: ರಸ್ತೆಯ ಪೂರ್ವ ಮಗ್ಗುಲಿನ ಬಯಲು ಬುಡಕಟ್ಟಿನವರಿಗೆ, ಪಶ್ಚಿಮದ ಮಗ್ಗುಲು ಎಲ್ಲರಿಗೆ. ಆ ಕೈಮಾತು ಇವತ್ತಿಗೂ ನಡೆಯುತ್ತಿದೆ, ಬೋರ್ಡೂ ಹಾಕಿದ್ದಾರೆ. ಆದರೂ ಕಾರನ್ನು ಪೂರ್ವಕ್ಕೆ ಒತ್ತಿ ನಿಲ್ಲಿಸಿ, ಇಳಿದ ಕಡೆಯಲ್ಲೇ ಬಕೆಟ್ ತುಂಬಿಸುವವರಿದ್ದಾರೆ, ಏಕೆಂದರೆ ಹಣ್ಣು ಆ ಕಡೆಗೇ ದಪ್ಪ ಕಾಣುತ್ತದೆ. ರಸ್ತೆ ಅಂಕುಡೊಂಕಾಗಿರುವುದರಿಂದ ಪೂರ್ವ ಯಾವುದೆಂದು ಕಣ್ಣಂದಾಜಿನಲ್ಲಿ ತಿಳಿಯುವುದಿಲ್ಲ. ಟ್ರೌಟ್ ಲೇಕ್‌ನ ರೇಂಜರ್ ಕಚೇರಿಯಲ್ಲಿ ನಕ್ಷೆ ಕೇಳಿ, ಬೆರಿ ಬಯಲಿನ ಗೆರೆಯನ್ನು ಪೆನ್ನಿನಲ್ಲಿ ಗುರುತು ಹಾಕಿಸಿಕೊಳ್ಳಿ. ಇನ್ನು, ಬೋರ್ಡಿನ ಮುಂದೆ ನಿಂತು "ನಾವೂ ಇಂಡಿಯನ್ಸೇ ಅಲ್ಲವೇ" ಎಂಬ ಜೋಕು ಬೇಡ. ಅಲ್ಲಿರುವವರು ಅದನ್ನು ಕೇಳಿ ಕೇಳಿ ದಣಿದಿದ್ದಾರೆ.

ಹಣ್ಣಿನ ನಿಯಮ ಚಿಕ್ಕದು. ಮನೆಬಳಕೆಗೆ ಪುಕ್ಕಟೆ ಪರ್ಮಿಟ್ ಇದೆ, ಇಳಿಸಿಕೊಂಡು ಮುದ್ರಿಸಿ ಜೇಬಿನಲ್ಲಿಡಿ. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ವರ್ಷಕ್ಕೆ ಮೂರು. ಬಾಚಣಿಗೆಯಂಥ ಹಲ್ಲಿನ ಸಾಧನದಿಂದ ಗೀರಬಾರದು, ಕೊಂಬೆ ಮುರಿಯಬಾರದು. ಕೈಯಲ್ಲಿ ಒಂದೊಂದೇ ಬಿಡಿಸಬೇಕು. ಸಲಕರಣೆಯಿಂದ ಗೀರಿದರೆ ಎಲೆ, ಮೊಗ್ಗು, ಎಳೆ ಚಿಗುರು ಸೇರಿ ಕಿತ್ತುಬಂದು ಪೊದೆಗೆ ಪೆಟ್ಟಾಗುತ್ತದೆ. ನಮ್ಮವರಿಗೆ ಹೊಳೆಯದ ಬಲೆ ಇನ್ನೊಂದಿದೆ: ಈ ಪರ್ಮಿಟ್ಟಿನಲ್ಲಿ ತಂದದ್ದನ್ನು ಮಾರುವಂತಿಲ್ಲ. ಸಂಘದ ದೀಪಾವಳಿ ಸ್ಟಾಲಿನಲ್ಲಿ "ಮನೆಯಲ್ಲೇ ಮಾಡಿದ ಹಕಲ್‌ಬೆರಿ ಜಾಮ್" ಎಂದು ಐದು ಡಾಲರಿಗೆ ಕೊಟ್ಟರೂ ಅದು ಮಾರಾಟವೇ. ಮಾರುವವರ ಕೊಯ್ಲು ಮಿತಿಮೀರಿತು, ಒಪ್ಪಂದದ ಹಣ್ಣು ನಮಗೇ ಸಿಗುತ್ತಿಲ್ಲ ಎಂದು ಯಾಕಮಾ ನೇಷನ್ ವರ್ಷಗಟ್ಟಲೆ ದೂರುತ್ತ ಬಂದ ಮೇಲೆ 2025ರ ಹಂಗಾಮಿನಲ್ಲಿ ಈ ಕಾಡಿನಲ್ಲಿ ವಾಣಿಜ್ಯ ಕೊಯ್ಲನ್ನೇ ನಿಲ್ಲಿಸಿದ್ದರು. ಬಯಲೂ ಕುಗ್ಗುತ್ತಿದೆ. ಹಿಂದೆ ಬುಡಕಟ್ಟಿನವರು ಹಣ್ಣು ಮುಗಿದ ಮೇಲೆ ಬೆಂಕಿ ಕೊಟ್ಟು ಬಯಲನ್ನು ತೆರೆದಿಡುತ್ತಿದ್ದರು. ಇಲಾಖೆ ಬೆಂಕಿ ನಿಲ್ಲಿಸಿದ್ದೇ ತಡ, ಮರ ಬೆಳೆದು ನೆರಳು ಮುಚ್ಚಿತು, ನೆರಳಿನಲ್ಲಿ ಹಕಲ್‌ಬೆರಿ ಕಾಯಿ ಕಚ್ಚುವುದಿಲ್ಲ.

ಗೇಟು, ನಕ್ಷೆ, ನಂಬರು

ಗೂಗಲ್ ಮ್ಯಾಪ್‌ಗೆ ಗೇಟು ಗೊತ್ತಿಲ್ಲ. ನಂಬಬೇಕಾದ್ದು ಪ್ರತಿ ನ್ಯಾಷನಲ್ ಫಾರೆಸ್ಟ್ ಪುಕ್ಕಟೆಯಾಗಿ ಕೊಡುವ ಮೋಟರ್ ವೆಹಿಕಲ್ ಯೂಸ್ ಮ್ಯಾಪ್ ಅನ್ನು. ಕಪ್ಪುಬಿಳುಪಿನ, ನೋಡಲು ಪೇಲವವಾದ ನಕ್ಷೆ. ಆದರೆ ಕಾನೂನಿನ ಬಲ ಇರುವುದು ಅದಕ್ಕೇ. ಅವೆನ್ಜಾ ಆ್ಯಪ್‌ನಲ್ಲಿ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ಕಡೆಯೂ ನೀವು ಎಲ್ಲಿದ್ದೀರಿ ಎಂದು ತೋರಿಸುತ್ತದೆ. ಇದನ್ನು ಓದುವ ಸೂತ್ರ ಊರಿನದಕ್ಕೆ ತಿರುಗುಮುರುಗು: ನಕ್ಷೆಯಲ್ಲಿ ಇಲ್ಲದ ರಸ್ತೆಗೆ ಗೇಟು, ಬೋರ್ಡು ಯಾವುದೂ ಇರದಿದ್ದರೂ ಅದು ವಾಹನಕ್ಕೆ ಮುಚ್ಚಿದ ರಸ್ತೆಯೇ. "ಬೋರ್ಡ್ ಇರಲಿಲ್ಲ ಸ್ವಾಮಿ" ಎಂಬುದು ಸಮಜಾಯಿಷಿ ಆಗುವುದಿಲ್ಲ. ಕೋಷ್ಟಕದಲ್ಲಿ ತಿಂಗಳ ಅವಧಿ ಬರೆದಿರುತ್ತದೆ, ಅದನ್ನೂ ನೋಡಿ.

ಸ್ಥಳದಲ್ಲಿ ನಂಬರು ಫಲಕವೇ ಅರ್ಧ ಕಥೆ ಹೇಳುತ್ತದೆ. ಅಂಕಿಗಳು ಅಡ್ಡಕ್ಕೆ ಇದ್ದರೆ ಸಾಮಾನ್ಯ ಕಾರು ಹೋಗಬಹುದು. ಒಂದರ ಕೆಳಗೊಂದು ಉದ್ದಕ್ಕೆ ಇದ್ದರೆ ಎತ್ತರದ ಗಾಡಿಗೆ ಮಾತ್ರ. ಅಂಥ ಕಡೆ ಸೆಡಾನ್ ನುಗ್ಗಿಸಿ, ಎಂಜಿನ್ ಆಯಿಲ್ ಚೇಂಬರ್ ಒಡೆದುಕೊಂಡರೆ ಟೋ ಗಾಡಿಯ ಬಿಲ್ಲು ಆ ತಿಂಗಳ ಬಾಡಿಗೆಗೆ ಪೈಪೋಟಿ ಕೊಡುತ್ತದೆ. ಇಲಾಖೆ ರಸ್ತೆಗಳನ್ನು 1ರಿಂದ 5ರವರೆಗೆ ದರ್ಜೆ ಮಾಡುತ್ತದೆ: 1 ಎಂದರೆ ಮುಚ್ಚಿಟ್ಟದ್ದು, 2 ಎತ್ತರದ ಗಾಡಿಗೆ, 3ರಿಂದ ಮೇಲೆ ಕಾರಿಗೆ. ಟ್ರೌಟ್ ಲೇಕ್‌ನಲ್ಲಿ ಪೆಟ್ರೋಲ್ ತುಂಬಿಸಿ, ಸ್ಟೆಪ್ನಿಯ ಗಾಳಿ ನೋಡಿ. ಮುಚ್ಚಿದ ಗೇಟಿನ ಮುಂದೆ ಕಾರು ನಿಲ್ಲಿಸಿ ನಡೆದು ಹೋಗಬೇಡಿ. ಬೆಂಕಿ ಬಿದ್ದರೆ ಲಾರಿ ಬರುವುದು ಅದೇ ದಾರಿಯಲ್ಲಿ.

ಇನ್ನು ಆ ಬೀಗದ ಕೈ ಇದ್ದ ಪಿಕಪ್. ಅದಕ್ಕೆ ಕಾರಣ ಹಲವಿರಬಹುದು. ಸ್ನೋಕ್ವಾಲ್ಮಿ ಪಾಸ್ ಸುತ್ತಮುತ್ತ 1864ರಲ್ಲಿ ಸರ್ಕಾರ ರೈಲ್ವೆ ಕಂಪನಿಗೆ ಮಾಡಿದ ನೆಲದ ದಾನದಿಂದಾಗಿ ಚದುರಂಗದ ಮನೆಗಳಂತೆ ಒಂದು ಚದರ ಮೈಲಿ ಸರ್ಕಾರಿ, ಪಕ್ಕದ ಚದರ ಮೈಲಿ ಖಾಸಗಿ ಎಂದು ಕಾಡು ಹಂಚಿಹೋಗಿತ್ತು. ಅಂಥ ಕಡೆ ಇಲಾಖೆಗೆ ದಾರಿ ಹಕ್ಕಿದ್ದು, ಸಾರ್ವಜನಿಕರಿಗೆ ಇಲ್ಲದಿರುವುದುಂಟು. ಒಳಗೆ ಸ್ವಂತ ಜಮೀನಿದ್ದವರಿಗೆ ಕೀಲಿ ಕೊಟ್ಟಿರುವುದುಂಟು. ಮೂರನೆಯದು, 2008ರ ಫಾರ್ಮ್ ಬಿಲ್ ಎಂಬ ಕೃಷಿ ಕಾಯಿದೆ: ಬುಡಕಟ್ಟಿನ ಸಾಂಪ್ರದಾಯಿಕ ಆಚರಣೆಯ ಏಕಾಂತಕ್ಕಾಗಿ, ಬುಡಕಟ್ಟೇ ಕೋರಿಕೊಂಡರೆ, ಆದಷ್ಟು ಚಿಕ್ಕ ಜಾಗವನ್ನು ಆದಷ್ಟು ಕಡಿಮೆ ಅವಧಿಗೆ ಸಾರ್ವಜನಿಕರಿಗೆ ಮುಚ್ಚುವ ಅಧಿಕಾರ ಇಲಾಖೆಗೆ ಇದೆ. ಮುಚ್ಚುವ ಆದೇಶ ಕಾಡಿನ ವೆಬ್‌ಸೈಟಿನಲ್ಲಿ ಇರುತ್ತದೆ. ಅದರಲ್ಲಿ ದಿನಾಂಕ, ನಕ್ಷೆ, ಕೊನೆಗೆ ಯಾರಿಗೆ ವಿನಾಯಿತಿ ಎಂಬ ಪಟ್ಟಿ. ಪಟ್ಟಿಯನ್ನು ಮನೆಯಲ್ಲೇ ಓದಿ ಹೊರಟರೆ ಗೇಟಿನಲ್ಲಿ ಗಂಟಲು ಸವೆಸಬೇಕಿಲ್ಲ.

ಆ್ಯಡಮ್ಸ್ ಪರ್ವತದ ಆಗ್ನೇಯ ಮಗ್ಗುಲು, ಬರ್ಡ್ ಕ್ರೀಕ್ ಮೆಡೋಸ್ ಕಡೆ ಇನ್ನೂ ಒಂದು ತೊಡಕು. ಕಾಡಿನ ರಸ್ತೆಯಲ್ಲೇ ಸಾಗುತ್ತ ಸಾಗುತ್ತ ನೀವು ಯಾಕಮಾ ನೇಷನ್ನಿನ ನೆಲಕ್ಕೆ ಕಾಲಿಟ್ಟಿರುತ್ತೀರಿ. ಒಪ್ಪಂದದ ಮೂಲ ನಕ್ಷೆ ಕಳೆದುಹೋಗಿ, ಗಡಿಯನ್ನು ತಪ್ಪಾಗಿ ಅಳೆದು, ಸುಮಾರು 21,000 ಎಕರೆ ನ್ಯಾಷನಲ್ ಫಾರೆಸ್ಟಿಗೆ ಸೇರಿಬಿಟ್ಟಿತ್ತು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಆದೇಶದಿಂದ ಅದು ಮರಳಿತು. ಟ್ರ್ಯಾಕ್ಟ್ ಡಿ ಎಂದು ಕರೆಯುತ್ತಾರೆ. ಅಲ್ಲಿ ನಿಮ್ಮ ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್ ನಡೆಯುವುದಿಲ್ಲ, ಪಾರ್ಕುಗಳ ವಾರ್ಷಿಕ ಪಾಸೂ ನಡೆಯುವುದಿಲ್ಲ. ಬುಡಕಟ್ಟಿನದೇ ಪರ್ಮಿಟ್ ಬೇಕು, ತೆರೆಯುವುದು ಮುಚ್ಚುವುದು ಅವರ ತೀರ್ಮಾನ. ಕೆಲವು ಬೇಸಿಗೆ ತೆರೆಯದೆಯೂ ಇರಬಹುದು.

ಸಂಘದ ಪಿಕ್ನಿಕ್ ಮಾಡುವವರಿಗೆ: ನ್ಯಾಷನಲ್ ಫಾರೆಸ್ಟಿನಲ್ಲಿ 75 ಅಥವಾ ಹೆಚ್ಚು ಜನ ಸೇರಿದರೆ ಗುಂಪಿನ ಪರ್ಮಿಟ್ ಬೇಕು, ಶುಲ್ಕವಿಲ್ಲ. ಬಿಸಿಬೇಳೆಬಾತ್ ಇದೆ ಎಂದರೆ ನಮ್ಮ ಸಂಖ್ಯೆ ಮಧ್ಯಾಹ್ನಕ್ಕೆ ತಾನೇ ಆ ಗೆರೆ ದಾಟುತ್ತದೆ. ಮರಕ್ಕೆ ಕಟ್ಟಿದ ಬಟ್ಟೆ, ತೊಗಟೆ ಉದ್ದಕ್ಕೆ ಸುಲಿದ ಹಳೆಯ ಸೀಡರ್, ಕಲ್ಲಿನ ಅಲಗು ಕಂಡರೆ ಮುಟ್ಟಬೇಡಿ, ಕುಂಕುಮ ಹಚ್ಚಿ ಕೈಮುಗಿಯಲೂ ಬೇಡಿ. ಪುರಾತನ ವಸ್ತು ಎತ್ತಿಕೊಂಡು ಬರುವುದು 1979ರ ಕಾಯಿದೆಯಡಿ ಅಪರಾಧ.

ಚೀಟಿ ಸಿಕ್ಕರೆ ಅದು ಪುರಸಭೆಯ ಪಾರ್ಕಿಂಗ್ ದಂಡವಲ್ಲ, ಫೆಡರಲ್ ಪ್ರಕರಣ. ಮುಚ್ಚಿದ ರಸ್ತೆಗೆ ವಾಹನ ಒಯ್ದರೆ ಕಾನೂನಿನ ಗರಿಷ್ಠ ಮಿತಿ 5,000 ಡಾಲರ್ ದಂಡ, ಆರು ತಿಂಗಳ ಸೆರೆ ಅಥವಾ ಎರಡೂ. ಸಾಮಾನ್ಯವಾಗಿ ಚೀಟಿಯ ಮೊತ್ತ ಕಟ್ಟಿ ಮುಗಿಯುತ್ತದೆ. ರಸೀದಿ ಬಿಸಾಡಬೇಡಿ. ಮುಂದೆ ಪೌರತ್ವದ ಅರ್ಜಿ ಪೊಲೀಸ್ ಚೀಟಿಗಳ ಬಗ್ಗೆ ಕೇಳುತ್ತದೆ, ವಕೀಲರಿಗೆ ತೋರಿಸಿ.

ರಸ್ತೆ ಬೇಕು, ರಸ್ತೆ ಬೇಡ

ಬುಡಕಟ್ಟಿನವರು ಎಂದರೆ ರಸ್ತೆ ಮುಚ್ಚಿಸುವವರು ಎಂದೂ ತಿಳಿಯಬೇಡಿ. ಅವರು ರಸ್ತೆ ಬೇಡವೆನ್ನುವುದೂ ಉಂಟು, ಬೇಕೆನ್ನುವುದೂ ಉಂಟು. ಉತ್ತರ ಕ್ಯಾಲಿಫೋರ್ನಿಯಾದ ಗ್ಯಾಸ್ಕೆಟ್‌ನಿಂದ ಒರ್ಲೀನ್ಸ್‌ಗೆ ರಸ್ತೆ ಜೋಡಿಸಲು ಇಲಾಖೆ ಹೊರಟಾಗ ಯೂರೋಕ್, ಕರೂಕ್, ಟೊಲೊವಾ ಜನ ತಮ್ಮ ಪೂಜೆಯ ಬೆಟ್ಟದ ಮೌನ ಹಾಳಾಗುತ್ತದೆಂದು ಕೋರ್ಟಿಗೆ ಹೋದರು. 1988ರ ಲಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಸೋತರೂ ರಸ್ತೆ ಆಗಲಿಲ್ಲ. 1990ರ ಕಾಯಿದೆಯಿಂದ ಆ ಜಾಗವೇ ಸಂರಕ್ಷಿತವಾಯಿತು. ಎರಡು ತುದಿಯ ಡಾಂಬರು ನಡುವಿನಲ್ಲಿ ಇಂದಿಗೂ ಕೂಡಿಲ್ಲ. ಹಣವಿಲ್ಲವೆಂದೋ ಹೊಳೆಗೆ ಮಣ್ಣು ಸೇರುತ್ತದೆಂದೋ ಇಲಾಖೆ ಹಳೆಯ ರಸ್ತೆಗಳನ್ನು ಅಗೆದು ಮುಚ್ಚುವಾಗ ಕಥೆ ತಿರುಗುತ್ತದೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಹಣ್ಣಿನ ಬಯಲಿಗೆ ಮೂರು ಮೈಲಿ ನಡೆಯಲಾರಳು. ಅವಳು ಹೋಗದಿದ್ದರೆ ಯಾವ ಪೊದೆ ಯಾವ ಮನೆಯದೆಂದು ಮೊಮ್ಮಕ್ಕಳಿಗೆ ತೋರಿಸುವವರಿಲ್ಲ. ಕಾಗದದಲ್ಲಿ ಹಕ್ಕು ಉಳಿದು, ದಾರಿಯಲ್ಲಿ ಸೋರಿಹೋಗುವುದು ಹೀಗೆ.

ಇದನ್ನು ನಿಮಗಿಂತ ಮೊದಲು ತಿಳಿಯುವವರು ನಿಮ್ಮ ಮಕ್ಕಳೇ. ವಾಷಿಂಗ್ಟನ್ನಿನ ಶಾಲೆಗಳು ಬುಡಕಟ್ಟುಗಳ ಇತಿಹಾಸ, ಸಾರ್ವಭೌಮತ್ವ ಕಲಿಸಬೇಕೆಂದು 2015ರಲ್ಲಿ ಕಾನೂನೇ ಆಗಿದೆ. ಪಾಠ ಕೇಳಿ ಬಂದ ಮಗು "ಅಪ್ಪಾ, ನಮ್ಮೂರ ಕಾಡಿನಲ್ಲಿ ಯಾರಿದ್ದರು?" ಎಂದು ಕೇಳಿದಾಗ ನಮ್ಮಲ್ಲಿ ಹೆಚ್ಚಿನವರು ಸಫಾರಿಯ ಹುಲಿ ಫೋಟೊ ತೋರಿಸುತ್ತಾರೆ. ನಾಗರಹೊಳೆಯ ಹಾಡಿಗಳಿಂದ ಹೊರಬಿದ್ದ ಜೇನು ಕುರುಬರ, ಬೆಟ್ಟ ಕುರುಬರ, ಯರವರ ಹೆಸರು ಬಾಯಿಗೆ ಬರುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯಿದೆಯಡಿ 2011ರಲ್ಲಿ ಸಮುದಾಯದ ಹಕ್ಕು ಸಿಕ್ಕಿತು, ಜೇನು, ನೆಲ್ಲಿಕಾಯಿ ಸಂಗ್ರಹವೂ ಅದರಲ್ಲಿದೆ ಎಂಬುದನ್ನು ಹೇಳುವವರು ಕಡಿಮೆ. ಬಂಡೀಪುರದ ರಾತ್ರಿ ಸಂಚಾರ ನಿಷೇಧವೆಂದರೆ ಒಂಬತ್ತಕ್ಕೆ ಮುಂಚೆ ಗೇಟು ದಾಟುವ ಧಾವಂತವಾಗಿಯೇ ನಮಗೆ ನೆನಪು. ಬೇಲಿಯಲ್ಲಿ ಕವಳೆ ಹಣ್ಣು, ದಾರಿಬದಿಯ ನೇರಳೆ ಯಾರನ್ನೂ ಕೇಳದೆ ತಿಂದು ಬೆಳೆದವರಿಗೆ ಒಂದು ಗ್ಯಾಲನ್ನಿನ ಪರ್ಮಿಟ್ ಜಿಪುಣತನದಂತೆ ತೋರುವುದು ಸಹಜ. ಮಕ್ಕಳಿಗೆ ಹಾಗೆ ತೋರುವುದಿಲ್ಲ. ಡಬ್ಬಿಯ ಗೆರೆ ನೋಡಿಕೊಂಡು, ರಸ್ತೆಯ ಪಶ್ಚಿಮದಲ್ಲೇ ನಿಂತು ಬಿಡಿಸುತ್ತಾರೆ, ನೀವು ದಾಟಿದರೆ ಕೂಗಿ ಕರೆಯುತ್ತಾರೆ.

ಹೊರಡುವ ಹಿಂದಿನ ದಿನ ರೇಂಜರ್ ಕಚೇರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ರೋಡ್ 24 ಪೂರ್ತಿ ತೆರೆದಿದೆಯೇ, ಯಾವುದಾದರೂ ಮುಚ್ಚುವ ಆದೇಶ ಜಾರಿಯಲ್ಲಿದೆಯೇ, ಬೆಂಕಿ ಹಚ್ಚಲು ನಿರ್ಬಂಧ ಇದೆಯೇ. ಮೂರನೆಯದಕ್ಕೆ ಹೌದು ಎಂದರೆ ಇದ್ದಿಲಿನ ಒಲೆ ಮನೆಯಲ್ಲೇ ಬಿಟ್ಟು, ಚಪಾತಿ ಸುತ್ತಿಕೊಂಡು ಹೋಗಿ.