ಡೇಟಾಬೇಸ್ ಅಲರ್ಟ್: ಟ್ರಿಗರ್ ಮಿತಿ ಬೇರೆ, ರೀಸೆಟ್ ಮಿತಿ ಬೇರೆ

ಡೇಟಾಬೇಸ್‌ಗೆ ತೆರೆದಿರುವ ಕನೆಕ್ಷನ್ 80 ದಾಟಿದರೆ ಅಲರ್ಟ್, 80ಕ್ಕಿಂತ ಇಳಿದರೆ ಸರಿಹೋಯಿತು. ಹೀಗೆ ಒಂದೇ ಮಿತಿ ಇಟ್ಟಾಗ ಎಣಿಕೆ 79 ಮತ್ತು 81ರ ನಡುವೆ ಹೊಯ್ದಾಡಿದರೆ ಸಾಕು, ಅದೇ ತೊಂದರೆ ಮತ್ತೆ ಮತ್ತೆ ಹುಟ್ಟಿ ಮತ್ತೆ ಮತ್ತೆ ಮುಗಿಯುತ್ತದೆ. ಡ್ಯೂಟಿಯಲ್ಲಿರುವವರು ಬೇಸತ್ತು ಆ ಅಲರ್ಟನ್ನು ಮ್ಯೂಟ್ ಮಾಡುತ್ತಾರೆ. ಮಿತಿಯನ್ನು 90ಕ್ಕೆ ಏರಿಸಿ ಪ್ರಯೋಜನವಿಲ್ಲ, ಹೊಯ್ದಾಟ ಅಲ್ಲಿಗೂ ಬರುತ್ತದೆ. ಅಲರ್ಟ್ ಏಳುವ ಮಟ್ಟ (ಟ್ರಿಗರ್) ಒಂದಿರಬೇಕು, ಮುಚ್ಚುವ ಮಟ್ಟ (ರೀಸೆಟ್) ಇನ್ನೊಂದಿರಬೇಕು.

ಮೊದಲು ಟ್ರಿಗರ್. ಇದನ್ನು ಕೆಡುವ ಬಿಂದುವಿನಿಂದ ಹಿಂದಕ್ಕೆ ಎಣಿಸಿ. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ ಡೀಫಾಲ್ಟ್ ಗರಿಷ್ಠ ಕನೆಕ್ಷನ್ 100. ಅದರಲ್ಲಿ 3 ಸೂಪರ್‌ಯೂಸರ್‌ಗೆ (ಪೂರ್ಣ ಅಧಿಕಾರವಿರುವ ನಿರ್ವಾಹಕರಿಗೆ) ಮೀಸಲು, ಹಾಗಾಗಿ ಅಪ್ಲಿಕೇಶನ್‌ಗೆ ಬಾಗಿಲು ಮುಚ್ಚುವುದು 97ಕ್ಕೆ. ಮೈಎಸ್‌ಕ್ಯೂಎಲ್‌ನಲ್ಲಿ ಡೀಫಾಲ್ಟ್ 151. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನ ಕನೆಕ್ಷನ್‌ಗಳನ್ನು ತೋರಿಸುವ ಪಿಜಿ ಸ್ಟ್ಯಾಟ್ ಆಕ್ಟಿವಿಟಿ ಪಟ್ಟಿಯಲ್ಲಿ ಚೆಕ್‌ಪಾಯಿಂಟರ್‌ನಂಥ ಹಿನ್ನೆಲೆ ಪ್ರೋಸೆಸ್‌ಗಳೂ ಸಾಲುಗಳಾಗಿ ಬರುತ್ತವೆ. ಕ್ಲೈಂಟ್ ಬ್ಯಾಕೆಂಡ್ ಸಾಲುಗಳನ್ನು, ಅಂದರೆ ಹೊರಗಿನಿಂದ ತೆರೆದ ಕನೆಕ್ಷನ್‌ಗಳನ್ನು ಮಾತ್ರ ಎಣಿಸಿ.

ಆಮೇಲೆ ಕನಿಷ್ಠ ಒಂದು ತಿಂಗಳ ಗ್ರಾಫ್ ತೆರೆದು ಎರಡು ಅಂಕಿ ಬರೆದುಕೊಳ್ಳಿ: ತೊಂದರೆಯಿಲ್ಲದ ದಿನಗಳ ಗರಿಷ್ಠ ಎಷ್ಟು, ಕೆಲವೇ ನಿಮಿಷಗಳಲ್ಲಿ ಎಣಿಕೆ ಎಷ್ಟು ಏರಿಳಿಯುತ್ತದೆ. ತಿಂಗಳ ಕೊನೆಯ ಲೆಕ್ಕ, ಬ್ಯಾಕಪ್ ಹೊತ್ತು ಇವೆಲ್ಲ ಅದರೊಳಗೆ ಬಂದಿರಲಿ. ಮಾಮೂಲಿ ಗರಿಷ್ಠ 62, ಏರಿಳಿತ ಸುಮಾರು 8 ಎಂದುಕೊಳ್ಳೋಣ. ಟ್ರಿಗರ್ 80 ಇಟ್ಟರೆ ಮಾಮೂಲಿ ದಿನ ಅಲರ್ಟ್ ಏಳುವುದಿಲ್ಲ, ಎದ್ದಾಗ 97 ಮುಟ್ಟುವ ಮೊದಲು ಇನ್ನೂ 17 ಕನೆಕ್ಷನ್‌ಗಳ ಅವಕಾಶ ಇರುತ್ತದೆ. ಅಷ್ಟು ಹೊತ್ತಿನಲ್ಲಿ ಯಾರಾದರೂ ಲಾಗಿನ್ ಆಗಿ ಕೈಹಾಕಲು ಸಾಧ್ಯವೇ ಎಂದು ಲೆಕ್ಕ ಹಾಕಿ. ಸಾಧ್ಯವಿಲ್ಲದಿದ್ದರೆ ಮಿತಿಯನ್ನು ಇಳಿಸಿ.

ಹೆಚ್ಚಿನವರು ಎಡವುವುದು ರೀಸೆಟ್‌ನಲ್ಲಿ. ಟ್ರಿಗರ್‌ನಿಂದ ಕಣ್ಣುಮುಚ್ಚಿ ಐದು ಕಳೆಯುವುದು ರೂಢಿ. ಆದರೆ ಏರಿಳಿತವೇ 8 ಇರುವಾಗ 75ರ ರೀಸೆಟ್ ಹೊಯ್ದಾಟವನ್ನು ತಡೆಯುವುದಿಲ್ಲ. ಅಂತರ ಏರಿಳಿತದ ಒಂದೂವರೆ ಪಟ್ಟಾದರೂ ಇರಲಿ: ಇಲ್ಲಿ 12, ಅಂದರೆ ರೀಸೆಟ್ 68. ಹಾಗೆಂದು 55ಕ್ಕೂ ಇಳಿಸಬೇಡಿ. ಮಾಮೂಲಿ ಗರಿಷ್ಠವೇ 62 ಇರುವಾಗ, ಬೆಳಗ್ಗೆ ಎದ್ದ ಅಲರ್ಟ್ ತೊಂದರೆ ತೀರಿದ ಮೇಲೂ ದಟ್ಟಣೆ ಇಳಿಯುವ ರಾತ್ರಿಯವರೆಗೆ ತೆರೆದೇ ಇರುತ್ತದೆ. ನಡುವೆ ಹೊಸ ತೊಂದರೆ ಬಂದರೆ ಹೊಸ ಸಂದೇಶ ಬರುವುದೇ ಇಲ್ಲ. ರೀಸೆಟ್ ಇರಬೇಕಾದ್ದು ಮಾಮೂಲಿ ಗರಿಷ್ಠಕ್ಕಿಂತ ಮೇಲೆ, ಟ್ರಿಗರ್‌ಗಿಂತ ಸಾಕಷ್ಟು ಕೆಳಗೆ. ಆ ಜಾಗ ಸಿಗದಿದ್ದರೆ ಸರ್ವರ್‌ನ ಸಾಮರ್ಥ್ಯವೇ ಸಾಲುತ್ತಿಲ್ಲ ಎಂದರ್ಥ, ಅದನ್ನು ಮಿತಿ ತಿದ್ದಿ ಸರಿಪಡಿಸಲಾಗದು.

ಮಟ್ಟದ ಜೊತೆಗೆ ಅವಧಿಯೂ ಬೇಕು. 5 ನಿಮಿಷದ ಕನಿಷ್ಠ ಮೌಲ್ಯ 80 ಮೀರಿದರೆ ಏಳಲಿ, 10 ನಿಮಿಷದ ಗರಿಷ್ಠ ಮೌಲ್ಯ 68ಕ್ಕಿಂತ ಕೆಳಗಿದ್ದರೆ ಮುಚ್ಚಲಿ. ಮಾಹಿತಿ ಸಂಗ್ರಹವೇ 5 ನಿಮಿಷಕ್ಕೊಮ್ಮೆ ಆಗುತ್ತಿದ್ದರೆ ಆ 5 ನಿಮಿಷದಲ್ಲಿ ಒಂದೋ ಎರಡೋ ಅಳತೆ ಸಿಕ್ಕೀತು, ಅಷ್ಟೆ. ನಿಮಿಷಕ್ಕೊಮ್ಮೆ ಸಂಗ್ರಹಿಸಿ.

ಇದನ್ನು ಜಾಬಿಕ್ಸ್, ಗ್ರಫಾನಾ, ಪ್ರೊಮಿಥಿಯಸ್ ಎಂಬ ಮಾನಿಟರಿಂಗ್ ಉಪಕರಣಗಳಲ್ಲಿ ಬರೆಯುವುದು ಹೀಗೆ. ಜಾಬಿಕ್ಸ್‌ನಲ್ಲಿ ಟ್ರಿಗರ್‌ನ (ಅಲ್ಲಿ ಅಲರ್ಟ್ ನಿಯಮಕ್ಕೇ ಈ ಹೆಸರು) ಓಕೆ ಈವೆಂಟ್ ಜನರೇಶನ್ ಆಯ್ಕೆಯನ್ನು ರಿಕವರಿ ಎಕ್ಸ್‌ಪ್ರೆಶನ್‌ಗೆ ಬದಲಿಸಿ, ಎರಡೂ ಷರತ್ತು ಬರೆಯಿರಿ. ಪ್ರಾಬ್ಲಮ್ ಷರತ್ತು ಸುಳ್ಳಾದ ಮೇಲೆಯೇ ರಿಕವರಿ ಷರತ್ತನ್ನು ಅದು ನೋಡುತ್ತದೆ. ಗ್ರಫಾನಾದಲ್ಲಿ ಥ್ರೆಶೋಲ್ಡ್ ಎಕ್ಸ್‌ಪ್ರೆಶನ್‌ನಲ್ಲೇ ಕಸ್ಟಮ್ ರಿಕವರಿ ಥ್ರೆಶೋಲ್ಡ್ ಇದೆ. ಪ್ರೊಮಿಥಿಯಸ್‌ನ ನಿಯಮದಲ್ಲಿ ಎರಡನೇ ಮಿತಿಗೆ ಪ್ರತ್ಯೇಕ ಜಾಗವಿಲ್ಲ, 2.42ನೇ ಆವೃತ್ತಿಯಲ್ಲಿ ಬಂದ ಕೀಪ್ ಫೈರಿಂಗ್ ಫಾರ್ ಹಿಡಿದಿಡುವುದು ಅವಧಿಯನ್ನು ಮಾತ್ರ. ಎರಡು ಮಟ್ಟ ಬೇಕಿದ್ದರೆ ಷರತ್ತನ್ನು ಹೀಗೆ ಕಟ್ಟಿ: ಎಣಿಕೆ 80 ಮೀರಿದೆ, ಅಥವಾ 68 ಮೀರಿದೆ ಮತ್ತು ಎದ್ದಿರುವ ಅಲರ್ಟ್‌ಗಳನ್ನು ಪ್ರೊಮಿಥಿಯಸ್ ದಾಖಲಿಸುವ ಅಲರ್ಟ್ಸ್ ಸರಣಿಯಲ್ಲಿ ಇದೇ ಅಲರ್ಟ್ ಈಗಾಗಲೇ ಫೈರಿಂಗ್ (ಎದ್ದ) ಸ್ಥಿತಿಯಲ್ಲಿದೆ. ಎಣಿಕೆ ಮತ್ತು ಅಲರ್ಟ್ಸ್ ಸರಣಿ ಎರಡನ್ನೂ ಇನ್‌ಸ್ಟೆನ್ಸ್ ಲೇಬಲ್ (ಯಾವ ಸರ್ವರ್ ಎಂಬ ಗುರುತು) ಮೇಲೆ ಮಾತ್ರ ಹೊಂದಿಸಿ. ಮುಂದೆ ಅಲರ್ಟ್‌ನ ಹೆಸರು ಬದಲಿಸಿದರೆ ಷರತ್ತಿನೊಳಗೂ ಬದಲಿಸಿ, ಮರೆತರೆ ಎರಡನೇ ಭಾಗ ಸದ್ದಿಲ್ಲದೆ ಸತ್ತುಹೋಗುತ್ತದೆ.

ಡಿಸ್ಕ್‌ನ ಖಾಲಿ ಜಾಗದಂಥ ಅಳತೆಗಳಲ್ಲಿ ದಿಕ್ಕು ತಿರುಗುಮುರುಗು: 15%ಗಿಂತ ಕಡಿಮೆಯಾದರೆ ಟ್ರಿಗರ್, 20% ದಾಟಿದರೆ ರೀಸೆಟ್. ಇಲ್ಲಿ ಅಭ್ಯಾಸಬಲದಿಂದ ರೀಸೆಟ್ 10% ಎಂದು ಬರೆದರೆ ಅಂತರವೇ ಇಲ್ಲದಂತಾಗುತ್ತದೆ. ಶೇಕಡಾವಾರು ಒಂದನ್ನೇ ನಂಬಬೇಡಿ; 10% ಎಂದರೆ 4 ಟಿಬಿಯಲ್ಲಿ ಸುಮಾರು 400 ಜಿಬಿ, 50 ಜಿಬಿಯಲ್ಲಿ ಬರೀ 5. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ ಸಾಲುಗಳನ್ನು ಅಳಿಸಿ ವ್ಯಾಕ್ಯೂಮ್ (ಅಳಿಸಿದ ಸಾಲುಗಳನ್ನು ತೆರವುಗೊಳಿಸುವ ಕೆಲಸ) ಓಡಿಸಿದರೂ ಜಾಗ ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್‌ಗೆ ಮರಳುವುದಿಲ್ಲ, ಟೇಬಲ್‌ನೊಳಗೇ ಮರುಬಳಕೆಗೆ ಉಳಿಯುತ್ತದೆ. ಅಲರ್ಟ್ ಮುಚ್ಚಲಿಲ್ಲವೆಂದು ಮಿತಿಯನ್ನು ದೂರುವ ಮೊದಲು ಇದನ್ನು ನೋಡಿ.

ಎಲ್ಲಕ್ಕಿಂತ ಅಪಾಯಕಾರಿ ಎಂದರೆ ಸುಳ್ಳು ರೀಸೆಟ್. ಮೈಎಸ್‌ಕ್ಯೂಎಲ್‌ನಲ್ಲಿ ರೆಪ್ಲಿಕೇಶನ್ (ಒಂದು ಸರ್ವರ್‌ನ ಮಾಹಿತಿ ಇನ್ನೊಂದಕ್ಕೆ ನಕಲಾಗುವುದು) ಥ್ರೆಡ್ ನಿಂತಾಗ, ನಕಲು ಎಷ್ಟು ಸೆಕೆಂಡ್ ಹಿಂದಿದೆ ಎಂದು ಹೇಳುವ ಸೆಕೆಂಡ್ಸ್ ಬಿಹೈಂಡ್ ಸೋರ್ಸ್ ಮೌಲ್ಯ ನಲ್ (ಖಾಲಿ) ಆಗುತ್ತದೆ. ವಿಳಂಬದ ಮಿತಿ 300 ಸೆಕೆಂಡ್ ಎಂದುಕೊಳ್ಳಿ; ನಲ್ 300ಕ್ಕಿಂತ ಹೆಚ್ಚಲ್ಲವಾದ್ದರಿಂದ, ರೆಪ್ಲಿಕೇಶನ್ ಪೂರ್ತಿ ನಿಂತ ಗಳಿಗೆಯಲ್ಲೇ ವಿಳಂಬದ ಅಲರ್ಟ್ ಮುಚ್ಚಿಕೊಳ್ಳಬಹುದು. ಥ್ರೆಡ್‌ಗಳು ಓಡುತ್ತಿವೆಯೇ ಎಂಬುದಕ್ಕೆ ಬೇರೆ ಅಲರ್ಟ್ ಇಡಿ, ಅದಕ್ಕೆ ಐದು ನಿಮಿಷ ಕಾಯಿಸಬೇಡಿ. ಪ್ರೊಮಿಥಿಯಸ್‌ನಲ್ಲಿ ಅಳತೆಯ ಸರಣಿಯೇ ಮಾಯವಾದರೆ ಅಲರ್ಟ್ ಪರಿಹಾರವಾದಂತೆ ತೋರುತ್ತದೆ. ಅಳತೆ ಸಿಗುತ್ತಿದೆಯೇ ಎಂದು ಹೇಳುವ ಅಪ್ ಎಂಬ ಮೌಲ್ಯ ಸೊನ್ನೆಯಾದರೆ ಏಳುವ ಅಲರ್ಟ್ ಜೊತೆಯಲ್ಲಿರಲೇಬೇಕು. ಜಾಬಿಕ್ಸ್‌ನಲ್ಲಿ ಈ ಕೆಲಸಕ್ಕೆ ನೋಡೇಟಾ (ಮಾಹಿತಿ ಇಲ್ಲ) ಫಂಕ್ಷನ್ ಇದೆ. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ ತಪ್ಪು ಇನ್ನೊಂದು ಬಗೆಯದು: ನಕಲು ಸರ್ವರ್‌ನಲ್ಲಿ ಕೊನೆಯ ರಿಪ್ಲೇ (ಬಂದ ಬದಲಾವಣೆ ಅಳವಡುವುದು) ಸಮಯದಿಂದ ವಿಳಂಬ ಅಳೆದರೆ, ಪ್ರೈಮರಿಯಲ್ಲಿ (ಮೂಲ ಸರ್ವರ್‌ನಲ್ಲಿ) ಬರವಣಿಗೆ ನಿಂತಾಗ ಸುಮ್ಮನೆ ಅಂಕಿ ಏರುತ್ತದೆ. ಬಂದ ವಾಲ್ (ಬದಲಾವಣೆಗಳ ದಾಖಲೆ) ಸ್ಥಾನ ಮತ್ತು ರಿಪ್ಲೇ ಆದ ಸ್ಥಾನ ಒಂದೇ ಇದ್ದರೆ ಸೊನ್ನೆ ಎಂದು ಕ್ವೆರಿಯಲ್ಲೇ ಬರೆಯಿರಿ.

ಪ್ರೊಡಕ್ಷನ್‌ಗೆ ಹಾಕುವ ಮೊದಲು ಟೆಸ್ಟ್ ಸರ್ವರ್‌ನಲ್ಲಿ 82 ಕನೆಕ್ಷನ್ ತೆರೆದು 6 ನಿಮಿಷ ಬಿಡಿ, ಅಲರ್ಟ್ ಏಳಬೇಕು. 75ಕ್ಕೆ ಇಳಿಸಿ ಕಾಲು ಗಂಟೆ ಕಾಯಿರಿ, ಮುಚ್ಚಬಾರದು. 65ಕ್ಕೆ ಇಳಿಸಿ, ಸುಮಾರು 10 ನಿಮಿಷದ ನಂತರ ಮುಚ್ಚಬೇಕು. ಕೊನೆಯದಾಗಿ, ಅಲರ್ಟ್ ಮತ್ತೆ ಎಬ್ಬಿಸಿ, ಅದು ತೆರೆದಿರುವಾಗಲೇ ಮಾಹಿತಿ ಸಂಗ್ರಹಿಸುವ ಏಜೆಂಟನ್ನು ನಿಲ್ಲಿಸಿ. ಆಗ ಪರಿಹಾರವಾಯಿತು ಎಂಬ ಸಂದೇಶವೊಂದೇ ಬಂದು, ಮಾಹಿತಿ ನಿಂತಿದೆ ಎಂಬ ಅಲರ್ಟ್ ಬಾರದಿದ್ದರೆ, ಈ ಜೋಡಣೆಯನ್ನು ಇನ್ನೂ ಪ್ರೊಡಕ್ಷನ್‌ಗೆ ಹಾಕಬೇಡಿ.