ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಬಡಾವಣೆಯಿಂದ ನಿಧಿ: ನನ್ನ ಅನುಭವ

ಮಗುವೊಂದರ ಚಿಕಿತ್ಸೆಗೆ ಹಣ ಬೇಕೆಂದರೆ ನಮ್ಮ ಕಡೆ ಇಲ್ಲ ಎನ್ನುವವರು ಕಡಿಮೆ. ಅದೇ ಕಾಯಿಲೆಯ ಸಂಶೋಧನೆಗೆ ಹಣ ಬೇಕೆಂದು ಕೇಳಿದರೆ ಜೇಬಿಗೆ ಹೋದ ಕೈ ಅಲ್ಲೇ ನಿಲ್ಲುತ್ತದೆ. ಮೈಸೂರಿನ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘವು ಮಕ್ಕಳ ಕ್ಯಾನ್ಸರ್ ಸಂಶೋಧನೆಗಾಗಿ ನಿಧಿ ಸಂಗ್ರಹಿಸಲು ಹೊರಟಾಗ ಅದರ ಸಂಚಾಲಕನಾಗಿದ್ದವನು ನಾನು. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನಗೆ ಈ ಹೊಣೆ ಬಂದದ್ದು, ಕೆಲಸದ ಬಹುಭಾಗ ಜನರಿಗೆ ವಿಷಯ ತಿಳಿಸಿ ಹೇಳುವುದೇ ಆಗಿರುತ್ತದೆ ಎಂದು ಸಂಘದವರು ಮೊದಲೇ ಊಹಿಸಿದ್ದರಿಂದ. ಅವರ ಊಹೆ ಸರಿಯಾಗಿತ್ತು.

ಸಂಘದ ಮೊದಲ ಸಭೆಯಲ್ಲಿ ಹೆಚ್ಚಿನವರ ಒಲವು ಯಾವುದಾದರೂ ಒಂದು ಬಡ ಮಗುವಿನ ಆಸ್ಪತ್ರೆ ಖರ್ಚು ಕೊಡುವುದರ ಕಡೆಗಿತ್ತು. ಅದು ಒಳ್ಳೆಯ ಕೆಲಸವೇ. ಆದರೆ ನಾವು ಸಲಹೆ ಕೇಳಿದ ಮಕ್ಕಳ ಕ್ಯಾನ್ಸರ್ ತಜ್ಞೆಯೊಬ್ಬರು ಇನ್ನೊಂದು ಕಡೆಯಿಂದ ಯೋಚಿಸುವಂತೆ ಮಾಡಿದರು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಅದು ಸಾಲದಿದ್ದಾಗ ದಾನಿಗಳನ್ನು ಹುಡುಕಿಕೊಳ್ಳಲು ದಾರಿಗಳಿವೆ. ಆದರೆ ಯಾವ ಔಷಧ ಯಾವ ಪ್ರಮಾಣದಲ್ಲಿ ನಮ್ಮ ಮಕ್ಕಳಿಗೆ ಹೊಂದುತ್ತದೆ, ಎಷ್ಟು ಮಕ್ಕಳು ಚಿಕಿತ್ಸೆಯನ್ನು ನಡುವೆಯೇ ಬಿಟ್ಟು ಹೋಗುತ್ತಾರೆ, ಏಕೆ ಬಿಡುತ್ತಾರೆ ಎಂಬುದನ್ನು ಬರೆದಿಟ್ಟು, ಲೆಕ್ಕ ಹಾಕಿ, ಮುಂದಿನ ಮಗುವಿಗೆ ಉಪಯೋಗವಾಗುವಂತೆ ಮಾಡುವ ಕೆಲಸಕ್ಕೆ ಕೈಯೆತ್ತಿ ಕೊಡುವವರು ವಿರಳ ಎಂದು ಅವರು ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ 19 ವರ್ಷದೊಳಗಿನ ಸುಮಾರು 4 ಲಕ್ಷ ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಅವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಕ್ಕಳು ಗುಣವಾದರೆ, ಅನೇಕ ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಮೂವತ್ತು ಮಕ್ಕಳೂ ಗುಣವಾಗುವುದಿಲ್ಲ. ಈ ಅಂತರವನ್ನು ಕೇಳಿದ ಮೇಲೆ ಸಭೆಯಲ್ಲಿ ಹೆಚ್ಚು ಚರ್ಚೆ ನಡೆಯಲಿಲ್ಲ.

ಹಣ ಯಾರಿಗೆ ಕೊಡಬೇಕು ಎಂಬುದನ್ನು ನಿರ್ಧರಿಸುವುದಕ್ಕೆ ನಾವು ಸಾಕಷ್ಟು ಸಮಯ ತೆಗೆದುಕೊಂಡೆವು. ಈ ಹಂತದಲ್ಲಿ ಅವಸರ ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೆಂಗಳೂರಿನ ಆಸ್ಪತ್ರೆಯೊಂದರ ಮಕ್ಕಳ ಕ್ಯಾನ್ಸರ್ ವಿಭಾಗದ ಜೊತೆ ಕೆಲಸ ಮಾಡುವ ನೋಂದಾಯಿತ ಟ್ರಸ್ಟ್ ಒಂದನ್ನು ಆರಿಸಿಕೊಂಡು, ಅವರು ನಡೆಸುವ ಅಧ್ಯಯನಕ್ಕೆ ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಇದೆಯೇ ಎಂದು ಪತ್ರ ತರಿಸಿ ನೋಡಿದೆವು. ಭಾರತದಲ್ಲಿ ನಡೆಯುವ ಚಿಕಿತ್ಸಾ ಪ್ರಯೋಗಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐ 2007ರಿಂದ ಇದೆ. ಅಧ್ಯಯನದ ಹೆಸರು, ಉದ್ದೇಶ, ನಡೆಸುವವರು ಯಾರು ಎಂಬುದನ್ನು ಅಲ್ಲಿ ಯಾರು ಬೇಕಾದರೂ ಹುಡುಕಿ ಓದಬಹುದು. ಅದನ್ನೂ ನೋಡಿದೆವು. ಬಳಿಕ ನಮ್ಮ ಹಣ ಎರಡೇ ಬಾಬ್ತಿಗೆ ಖರ್ಚಾಗಬೇಕೆಂದು ಕಾಗದದಲ್ಲಿ ಬರೆಸಿಕೊಂಡೆವು. ಒಂದು, ಚಿಕಿತ್ಸೆ ಬಿಟ್ಟು ಹೋಗುವ ಕುಟುಂಬಗಳನ್ನು ಫೋನ್ ಮೂಲಕ ಹಿಂಬಾಲಿಸಿ ಕಾರಣಗಳನ್ನು ದಾಖಲಿಸುವ ಸಹಾಯಕರೊಬ್ಬರ ಸಂಬಳ. ಇನ್ನೊಂದು, ಅಧ್ಯಯನಕ್ಕೆ ಸೇರಿದ ರಕ್ತ ಕ್ಯಾನ್ಸರ್ ಮಕ್ಕಳ ಎಂಆರ್‌ಡಿ ಪರೀಕ್ಷೆಯ ವೆಚ್ಚ.

ಈ ಎಂಆರ್‌ಡಿ ಪರೀಕ್ಷೆಯೇ ಮುಂದೆ ನನ್ನ ಮುಖ್ಯ ಪಾಠವಾಯಿತು. ನಮ್ಮ ಬೀದಿಯ ದಿನಸಿ ಅಂಗಡಿಯವರು ಕರಪತ್ರವನ್ನು ಪೂರ್ತಿ ಓದಿ, "ಮೇಷ್ಟ್ರೇ, ಎಲ್ಲಾ ಸರಿ, ಈ ದುಡ್ಡು ಯಾವ ಮಗುಗೆ ಹೋಗುತ್ತೆ ಅಂತ ಹೇಳಿಬಿಡಿ" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಅವರ ಅಂಗಡಿಯ ಹೆಸರುಬೇಳೆ ಮೂಟೆಯ ಮುಂದೆಯೇ ನಿಂತು ನಾನು ಹೇಳಿದೆ: "ಈ ಮೂಟೇಲಿ ಹುಳ ಬಿದ್ದಿದೆ ಅನ್ನಿ. ನೀವು ಬಿಸಿಲಿಗೆ ಹಾಕಿ, ಜರಡಿ ಹಿಡಿದು, ಪೂರ್ತಿ ಶುದ್ಧ ಮಾಡಿದ್ದೀರಿ. ಕಣ್ಣಿಗೆ ಒಂದು ಹುಳಾನೂ ಕಾಣಲ್ಲ. ಆದರೆ ಹತ್ತು ಸಾವಿರ ಕಾಳಿನಲ್ಲಿ ಒಂದು ಕಾಳಿನೊಳಗೆ ಉಳಿದಿದ್ದರೂ ಮೂರು ತಿಂಗಳಿಗೆ ಮತ್ತೆ ಮೂಟೆ ಪೂರ್ತಿ ಅದೇ. ಆ ಒಂದು ಕಾಳು ಇದೆಯೋ ಇಲ್ಲವೋ ಅಂತ ಹೇಳೋ ಪರೀಕ್ಷೆ ಇದು." ಮೊದಲ ಹಂತದ ಔಷಧಗಳು ಮುಗಿದ ಮೇಲೆ ಮಗುವಿನ ಅಸ್ಥಿಮಜ್ಜೆಯಿಂದ ಸ್ವಲ್ಪ ದ್ರವ ತೆಗೆದು, ಫ್ಲೋ ಸೈಟೋಮೆಟ್ರಿ ಯಂತ್ರದಲ್ಲಿ ಹಾಯಿಸಿ, ಸೂಕ್ಷ್ಮದರ್ಶಕಕ್ಕೆ ಸಿಗದ ಕ್ಯಾನ್ಸರ್ ಕಣಗಳನ್ನು ಎಣಿಸುತ್ತಾರೆ. ಉಳಿದಿದ್ದರೆ ಚಿಕಿತ್ಸೆಯನ್ನು ಬಿರುಸು ಮಾಡಬೇಕು. ಉಳಿದಿರದೆ, ಬೇರೆ ಅಪಾಯದ ಲಕ್ಷಣಗಳೂ ಇಲ್ಲದಿದ್ದರೆ, ಆ ಮಗುವಿಗೆ ಅನಾವಶ್ಯಕವಾಗಿ ಕಟುವಾದ ಔಷಧ ಕೊಡುವುದನ್ನು ತಪ್ಪಿಸಬಹುದು. ಅಂಗಡಿಯವರು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಇದು ಒಂದು ಮಗುವಿನ ವಿಷಯವಲ್ಲ, ಇನ್ನು ಮುಂದೆ ಬರುವ ಮಕ್ಕಳದ್ದು ಎಂದು ತಾವೇ ಹೇಳಿ, ಕರಪತ್ರವನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿದರು. ಆಮೇಲೆ ಮನೆಮನೆಗೆ ಹೋದ ನಮ್ಮ ಕಾರ್ಯಕರ್ತರೆಲ್ಲರಿಗೂ ಇದೇ ವಿವರಣೆಯನ್ನು ಕಲಿಸಿದೆ.

ಸಂಶೋಧನೆ ಎಂದರೆ ಎಲ್ಲೋ ಹೊರದೇಶದಲ್ಲಿ ನಡೆಯುವ ವಿಚಾರ ಎಂಬ ಭಾವನೆಯೂ ಜನರಲ್ಲಿ ಇತ್ತು. ಅದಕ್ಕೆ ಉತ್ತರವಾಗಿ ಎರಡು ಸಂಗತಿಗಳನ್ನು ಕರಪತ್ರದ ಹಿಂಬದಿಯಲ್ಲಿ ಅಚ್ಚು ಹಾಕಿಸಿದೆವು. ರಕ್ತ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಔಷಧದಿಂದ ಕಾಯಿಲೆ ತಾತ್ಕಾಲಿಕವಾಗಿಯಾದರೂ ಹಿಂದೆ ಸರಿಯುತ್ತದೆ ಎಂದು ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದಾಗ, ಅವರು ಬಳಸಿದ ಅಮೈನಾಪ್ಟೆರಿನ್ ಔಷಧ ಸಿದ್ಧವಾದದ್ದು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಮುನ್ನಡೆಸುತ್ತಿದ್ದ ಲೆಡರ್ಲೆ ಕಂಪನಿಯ ಪ್ರಯೋಗಾಲಯದಲ್ಲಿ. ಎರಡನೆಯದು ಇನ್ನೂ ಹತ್ತಿರದ ಸಂಗತಿ. 1980ರ ದಶಕದಲ್ಲಿ ಮುಂಬೈ, ದೆಹಲಿ, ಚೆನ್ನೈಗಳ ದೊಡ್ಡ ಕ್ಯಾನ್ಸರ್ ಕೇಂದ್ರಗಳು ಮಕ್ಕಳ ರಕ್ತ ಕ್ಯಾನ್ಸರಿಗೆ ಎಂಸಿಪಿ–841 ಎಂಬ ಒಂದೇ ಚಿಕಿತ್ಸಾ ಕ್ರಮವನ್ನು ಅನುಸರಿಸಿ ಫಲಿತಾಂಶಗಳನ್ನು ಒಟ್ಟಿಗೆ ದಾಖಲಿಸಿದವು. ಅದಕ್ಕೆ ಮೊದಲು ಐವರಲ್ಲಿ ಒಬ್ಬರಷ್ಟು ಉಳಿಯುತ್ತಿದ್ದ ಕಡೆ ಸರಿಸುಮಾರು ಅರ್ಧದಷ್ಟು ಮಕ್ಕಳು ಉಳಿಯುವಂತಾಯಿತು. ನಮ್ಮ ಮಕ್ಕಳ ಪೌಷ್ಟಿಕತೆ, ಸೋಂಕಿನ ಅಪಾಯ, ಆಸ್ಪತ್ರೆಗೆ ಇರುವ ದೂರ ಇವೆಲ್ಲ ಬೇರೆಯಾಗಿರುವುದರಿಂದ ಪಶ್ಚಿಮದ ಕ್ರಮವನ್ನು ಹಾಗೆಯೇ ತಂದು ಅನ್ವಯಿಸಿದರೆ ಔಷಧದ ವಿಷಕಾರಿ ಪರಿಣಾಮದಿಂದಲೇ ಮಕ್ಕಳನ್ನು ಕಳೆದುಕೊಳ್ಳುವ ಸಾಧ್ಯತೆ ಇದೆ. ಆದ್ದರಿಂದ ಇಲ್ಲಿನ ಪ್ರಶ್ನೆಗಳಿಗೆ ಇಲ್ಲಿಯೇ ಉತ್ತರ ಹುಡುಕಬೇಕಾಗುತ್ತದೆ. ಈ ಮಾತನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗಲಿಲ್ಲ.

ಕರಪತ್ರದಲ್ಲಿ ಕಾಯಿಲೆ ಇರುವ ಮಗುವಿನ ಚಿತ್ರ ಹಾಕಬೇಕು, ಕೂದಲು ಉದುರಿದ ಮುಖ ನೋಡಿದರೆ ಜನರ ಮನಸ್ಸು ಕರಗುತ್ತದೆ ಎಂದು ಕೆಲವರು ಸೂಚಿಸಿದರು. ನಾನು ಒಪ್ಪಲಿಲ್ಲ. ಗುಣವಾದ ಮಗು ಮುಂದೆ ಶಾಲೆಗೆ ಹೋಗಬೇಕು, ಬೆಳೆಯಬೇಕು, ಮದುವೆಯಾಗಬೇಕು. ನಮ್ಮ ಸಮಾಜದಲ್ಲಿ ಆ ಚಿತ್ರ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಹೇಳಲಾಗದು. ಇದಕ್ಕೆ ಫಾರ್ಬರ್ ಅವರ ಆಸ್ಪತ್ರೆಯ ಉದಾಹರಣೆಯೇ ನನಗೆ ಬಲ ಕೊಟ್ಟಿತು. 1948ರಲ್ಲಿ ಅಲ್ಲಿನ ಹುಡುಗನೊಬ್ಬ ರೇಡಿಯೋದಲ್ಲಿ ಬೇಸ್‌ಬಾಲ್ ಆಟಗಾರರ ಜೊತೆ ಮಾತನಾಡಿದಾಗ ಅವನ ಗುರುತು ಕಾಪಾಡಲು ಜಿಮ್ಮಿ ಎಂಬ ಬದಲಿ ಹೆಸರನ್ನು ಬಳಸಿದರು. ಮುಖ ಕಾಣದ, ನಿಜವಾದ ಹೆಸರು ಗೊತ್ತಿಲ್ಲದ ಆ ಹುಡುಗನಿಗಾಗಿ ಎರಡು ಲಕ್ಷ ಡಾಲರಿಗೂ ಹೆಚ್ಚು ಹಣ ಹರಿದುಬಂದು, ಇಂದಿಗೂ ನಡೆಯುತ್ತಿರುವ ಜಿಮ್ಮಿ ಫಂಡ್ ಬೇರೂರಿತು. ನಮ್ಮ ಕರಪತ್ರದಲ್ಲಿ ಮಕ್ಕಳ ಕ್ಯಾನ್ಸರಿನ ಸಂಕೇತವಾದ ಬಂಗಾರದ ಬಣ್ಣದ ರಿಬ್ಬನ್ ಮಾತ್ರ ಇತ್ತು.

ಹಣಕಾಸಿನ ವ್ಯವಸ್ಥೆಯ ಬಗ್ಗೆ ಇಂತಹ ಕೆಲಸ ಮಾಡಬೇಕೆಂದಿರುವವರಿಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ದಾನದ ಹಣ ನಮ್ಮ ಸಂಘದ ಖಾತೆಗೆ ಬರಲೇ ಇಲ್ಲ. ಟ್ರಸ್ಟಿನ ಖಾತೆಗೆ ನೇರವಾಗಿ ಹೋಗುವ ಕ್ಯೂಆರ್ ಕೋಡನ್ನೇ ಎಲ್ಲೆಡೆ ಹಾಕಿದೆವು. ನಾವು ನಿಧಿ ಸಂಗ್ರಹಿಸಿದಾಗ ಜಾರಿಯಲ್ಲಿದ್ದ ಆದಾಯ ತೆರಿಗೆ ಕಾನೂನಿನ 80ಜಿ ಅಡಿ ವಿನಾಯಿತಿ ಬೇಕೆನ್ನುವ ದಾನಿಯ ಹೆಸರು, ವಿಳಾಸ, ಪ್ಯಾನ್ ಸಂಖ್ಯೆಗಳನ್ನು ಟ್ರಸ್ಟ್ ನಮೂನೆ 10ಬಿಡಿಯಲ್ಲಿ ಸಲ್ಲಿಸಿ, ದಾನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕಿತ್ತು. ಆದ್ದರಿಂದ ರಸೀದಿ ಪುಸ್ತಕದಲ್ಲಿ ಪ್ಯಾನ್ ಬರೆಯುವ ಸಾಲನ್ನು ಮೊದಲೇ ಅಚ್ಚು ಹಾಕಿಸಿದ್ದೆವು. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ ಎಂಬುದನ್ನು ದಾನಿಗಳಿಗೆ ಮುಂಚೆಯೇ ತಿಳಿಸಿದ್ದರಿಂದ ಆಮೇಲೆ ಯಾರಿಗೂ ಅಸಮಾಧಾನವಾಗಲಿಲ್ಲ. ತಿಂಡಿ ಮೇಳದ ಕೂಪನ್ ಹಣ ದಾನವಲ್ಲ, ಕೊಟ್ಟ ಹಣಕ್ಕೆ ಪ್ರತಿಯಾಗಿ ತಿಂಡಿ ಸಿಕ್ಕಿರುತ್ತದೆ. ಆದ್ದರಿಂದ ಅದಕ್ಕೆ ಬೇರೆಯೇ ನಗದು ಪುಸ್ತಕ ಇಟ್ಟು, ಸಂಘದ ಮೂಲಕ ಲೆಕ್ಕ ತೋರಿಸಿ ಟ್ರಸ್ಟಿಗೆ ಒಪ್ಪಿಸಿದೆವು.

ನಮ್ಮ ಬಡಾವಣೆಯ ಅನೇಕ ಮನೆಗಳ ಮಕ್ಕಳು ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ ನೆಲೆಸಿದ್ದಾರೆ. ಅವರು ಹಣ ಕಳಿಸಲು ಉತ್ಸುಕರಾಗಿದ್ದರು. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ವಂತಿಗೆ ಎನಿಸುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ, ಕೊಡುವ ಹಣಕ್ಕೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ನೋಂದಣಿ ಇರುವ ಸಂಸ್ಥೆ ಮಾತ್ರ, ಅದೂ 2020ರ ತಿದ್ದುಪಡಿಯ ಬಳಿಕ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಯ ಮೂಲಕ ಮಾತ್ರ, ಅದನ್ನು ಪಡೆಯಬಹುದು. ಟ್ರಸ್ಟಿಗೆ ಆ ನೋಂದಣಿ ಇತ್ತು, ನಮ್ಮ ಸಂಘಕ್ಕೆ ಇರಲಿಲ್ಲ. ಪಕ್ಕದ ಮನೆಯ ಹಿರಿಯರೊಬ್ಬರು, "ಮಗಳು ನನ್ನ ಖಾತೆಗೇ ಹಾಕ್ತಾಳೆ, ನಾನು ನಗದು ಕೊಡ್ತೀನಿ ಬಿಡಿ" ಎಂದಾಗ, ಮಗಳೇ ನೇರವಾಗಿ ಟ್ರಸ್ಟಿಗೆ ಕಳಿಸಲಿ ರಾಯರೇ ಎಂದು ವಿನಂತಿಸಿಕೊಂಡೆ. ಅವರು ಹಾಗೆಯೇ ಮಾಡಿಸಿದರು.

ಸೆಪ್ಟೆಂಬರ್ ತಿಂಗಳನ್ನು ಮಕ್ಕಳ ಕ್ಯಾನ್ಸರ್ ಜಾಗೃತಿಗೆ ಮೀಸಲಿಟ್ಟಿರುವುದರಿಂದ ಆ ತಿಂಗಳ ಒಂದು ಭಾನುವಾರವನ್ನು ಗೊತ್ತು ಮಾಡಿದೆವು. ಮೈಸೂರಿನಲ್ಲಿ ಇದು ಅನುಕೂಲದ ಕಾಲವಲ್ಲ. ಗಣೇಶನ ಚಂದಾ ಆಗಷ್ಟೇ ಮುಗಿದಿರುತ್ತದೆ, ವ್ಯಾಪಾರಿಗಳ ಗಮನವೆಲ್ಲ ಮುಂದಿನ ದಸರಾ ಕಡೆಗಿರುತ್ತದೆ, ಸಂಜೆಯ ಮಳೆಯನ್ನು ನಂಬುವಂತಿಲ್ಲ. ಅದಕ್ಕಾಗಿ ಬೆಳಗಿನ ನಡಿಗೆ, ಅದು ಮುಗಿಯುತ್ತಲೇ ಶಾಲೆಯ ಆವರಣದಲ್ಲಿ ತಿಂಡಿ ಮೇಳ, ಮಧ್ಯಾಹ್ನದೊಳಗೆ ಮುಕ್ತಾಯ ಎಂದು ಯೋಜಿಸಿದೆವು. ಶಾಮಿಯಾನದವರು ಬಾಡಿಗೆ ಬೇಡವೆಂದರು. ಮೈಕ್‌ಸೆಟ್, ಅಚ್ಚು, ಬಾಳೆಎಲೆ, ಗ್ಯಾಸ್ ಸಿಲಿಂಡರುಗಳ ಖರ್ಚನ್ನು ಊರಿನ ಕೆಲವು ವರ್ತಕರು ಮೊದಲೇ ವಹಿಸಿಕೊಂಡರು. ಸಂಗ್ರಹವಾದ ಹಣದಿಂದ ಕಾರ್ಯಕ್ರಮದ ಖರ್ಚು ಕಳೆಯುವುದು ತಪ್ಪೇನಲ್ಲ, ಆದರೆ ಮೊದಲ ಸಲ ಕೇಳುವಾಗ ಕೊಟ್ಟದ್ದೆಲ್ಲ ಪೂರ್ತಿ ಮುಟ್ಟುತ್ತದೆ ಎಂದು ಹೇಳಲು ಸಾಧ್ಯವಾದರೆ ಮಾತಿಗೆ ತೂಕ ಬರುತ್ತದೆ.

ನುಚ್ಚಿನುಂಡೆ, ಒತ್ತುಶಾವಿಗೆ, ಕಾಯಿ ಹೋಳಿಗೆ, ಕೋಡುಬಳೆ ಎಲ್ಲವನ್ನೂ ಮನೆಮನೆಯ ಹೆಂಗಸರು ತಾವೇ ಸಾಮಾನು ಹಾಕಿ ಮಾಡಿಕೊಟ್ಟರು. ಮಳಿಗೆಗಳಲ್ಲಿ ಯಾರೂ ನಗದು ಮುಟ್ಟುವಂತಿರಲಿಲ್ಲ. ಒಂದೇ ಕಡೆ ಕೂಪನ್ ಮಾರಾಟ, ಕೊನೆಯಲ್ಲಿ ಕೂಪನ್ನಿನ ಚೂರುಗಳನ್ನೂ ಹಣವನ್ನೂ ತಾಳೆ ನೋಡುವುದು ಖಜಾಂಚಿಯವರ ಹೊಣೆ. ಲಕ್ಕಿ ಡಿಪ್ ಇಟ್ಟರೆ ಹೆಚ್ಚು ಹಣ ಬರುತ್ತದೆ ಎಂಬ ಸಲಹೆಯನ್ನು ಕೈಬಿಟ್ಟೆವು. ರಾಜ್ಯದಲ್ಲಿ 2007ರಿಂದ ಲಾಟರಿಗೆ ನಿಷೇಧವಿರುವಾಗ ಅದರ ನೆರಳು ಬೀಳುವ ಯಾವುದೂ ಇಂತಹ ಕೆಲಸದ ಹತ್ತಿರ ಸುಳಿಯಬಾರದು. ಕ್ಯಾನ್ಸರ್ ವಾಸಿ ಮಾಡುವ ಪುಡಿಯೆಂದು ಮಾರುವವರೊಬ್ಬರು ದೊಡ್ಡ ಮೊತ್ತ ಕೊಟ್ಟು ಮಳಿಗೆ ಕೇಳಿದಾಗ ಸಮಿತಿ ಒಕ್ಕೊರಲಿನಿಂದ ನಿರಾಕರಿಸಿತು. ಅಂತಹ ಪುಡಿಯನ್ನು ನಂಬಿ ಒಂದು ಕುಟುಂಬ ಕೆಲವು ತಿಂಗಳು ತಡ ಮಾಡಿದರೂ ಗುಣವಾಗಬಹುದಾಗಿದ್ದ ಮಗು ಕೈತಪ್ಪಿ ಹೋಗಬಹುದು.

ಆ ದಿನ ಎರಡೇ ಭಾಷಣಗಳಿದ್ದವು. ಮಕ್ಕಳ ವೈದ್ಯರೊಬ್ಬರು ಪೋಷಕರು ಗಮನಿಸಬೇಕಾದ ಲಕ್ಷಣಗಳನ್ನು ಹೇಳಿದರು: ಬಿಡದ ಜ್ವರ, ಕಾರಣವಿಲ್ಲದೆ ಬಿಳಿಚಿಕೊಳ್ಳುವುದು, ಮೈಮೇಲೆ ನೀಲಿ ಕಲೆಗಳು, ಮೂಳೆ ನೋವೆಂದು ಮಗು ನಡೆಯಲು ಹಿಂಜರಿಯುವುದು, ಹೊಟ್ಟೆಯಲ್ಲಿ ಗಡ್ಡೆ, ಫೋಟೋದಲ್ಲಿ ಕಣ್ಣಿನ ಪಾಪೆ ಬೆಳ್ಳಗೆ ಹೊಳೆಯುವುದು. ಇನ್ನೊಬ್ಬರು ಚಾಮರಾಜನಗರ ಜಿಲ್ಲೆಯಿಂದ ಬಂದಿದ್ದ ತಂದೆ; ಮಗಳ ಚಿಕಿತ್ಸೆ ಮುಗಿಸಿದವರು. ಮಾತನಾಡುವುದೂ ಬಿಡುವುದೂ ಅವರ ಇಷ್ಟಕ್ಕೆ ಬಿಟ್ಟದ್ದು ಎಂದು ಮೊದಲೇ ಹೇಳಿ, ಚಿತ್ರೀಕರಣ ಮಾಡಬಾರದೆಂದು ಎಲ್ಲರಿಗೂ ಸೂಚಿಸಿದ್ದೆವು. ಅವರು ಔಷಧದ ವಿಷಯ ಹೆಚ್ಚು ಹೇಳಲಿಲ್ಲ. ಬೆಂಗಳೂರಿಗೆ ಹೋಗಿ ಬರುವ ಬಸ್ಸಿನ ಖರ್ಚು, ತಪ್ಪಿದ ಕೂಲಿ, ಮನೆಯಲ್ಲಿ ಬಿಟ್ಟು ಬಂದ ಇನ್ನೊಂದು ಮಗು ಇವುಗಳ ಬಗ್ಗೆ ಹೇಳಿದರು. ಮಗಳು ಚೇತರಿಸಿಕೊಂಡಂತೆ ಕಂಡಾಗ ಇನ್ನು ಸಾಕೆಂದು ನಿಲ್ಲಿಸಿಬಿಟ್ಟಿದ್ದರಂತೆ. "ಆಸ್ಪತ್ರೆಯಿಂದ ಒಬ್ಬರು ಅಕ್ಕ ಫೋನ್ ಮಾಡಿದ್ರು ಸಾರ್. ಯಾಕೆ ಬರಲಿಲ್ಲ ಅಂತ ಬೈಲಿಲ್ಲ, ಬರೋಕೆ ಏನು ಅಡ್ಡಿ ಅಂತ ಕೇಳಿದ್ರು" ಎಂದರು. ನಮ್ಮ ಹಣದಿಂದ ಸಂಬಳ ಕೊಡಬೇಕೆಂದು ಬರೆಸಿಕೊಂಡಿದ್ದ ಹುದ್ದೆ ಇದೇ. ದಿನಸಿ ಅಂಗಡಿಯವರು ಅಲ್ಲಿಯೇ ಇದ್ದರು. ಮರುದಿನದಿಂದ ಅವರ ಗಿರಾಕಿಗಳಿಗೆ ನಾನು ವಿವರಿಸುವ ಅಗತ್ಯ ಬೀಳಲಿಲ್ಲ.

ಕಾರ್ಯಕ್ರಮವಾದ ಮೇಲೆ ಲೆಕ್ಕ ಪರಿಶೋಧಕರಿಂದ ಪರಿಶೀಲಿಸಿದ ಜಮಾ ಖರ್ಚನ್ನು ಸಂಘದ ಫಲಕದಲ್ಲಿ ಹಾಕಿ, ಪ್ರತಿಯನ್ನು ದಾನಿಗಳ ಮನೆಗಳಿಗೆ ಮುಟ್ಟಿಸಿದೆವು. ಟ್ರಸ್ಟಿನಿಂದ ಆರು ತಿಂಗಳಿಗೊಮ್ಮೆ ಖರ್ಚಿನ ವರದಿ ಬರಬೇಕೆಂಬುದು ಒಪ್ಪಂದದಲ್ಲಿತ್ತು. ಮೊದಲ ವರದಿ ಬಂದಾಗ ಅದನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ ಹಂಚಿದ್ದರಿಂದ, ಹಿಂದೆ ಕೊಟ್ಟವರಲ್ಲಿ ಹಲವರು ಮತ್ತೆ ಕೊಡಲು ತಾವಾಗಿಯೇ ಮುಂದೆ ಬಂದರು. ಮುಂದಿನ ವರ್ಷಕ್ಕೆ ನಡಿಗೆಯನ್ನು ಉಳಿಸಿಕೊಂಡು, ಮೇಳವನ್ನು ಎರಡು ಶಾಲೆಗಳಿಗೆ ವಿಸ್ತರಿಸುವುದೆಂದು ಸಮಿತಿ ತೀರ್ಮಾನಿಸಿದೆ. ಆ ಸಹಾಯಕರ ಎರಡನೆಯ ವರ್ಷದ ಸಂಬಳವನ್ನು ಮೊದಲು ಹೊಂದಿಸಿಕೊಂಡು ನಂತರವೇ ಹೊಸ ಬಾಬ್ತಿನ ಮಾತು ಎತ್ತಬೇಕೆಂಬ ನನ್ನ ಸಲಹೆಗೂ ಒಪ್ಪಿಗೆ ಸಿಕ್ಕಿದೆ.